ನೀರು ನೋಡುವವನ ಹೆಂಡತಿ

ನನ್ನ ಬಾಯಿ ಜೋರು ಎಂದು ಹಿರೇಗೆರೆಯ ಅಂಬಿಗರ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ, ನನಗೇನೂ ಬೇಜಾರಿಲ್ಲ. ಆ ಬಾಯಿಯಿಂದಲೇ ಓಣಿಯ ಒಲೆಗಳು ಎರಡು ವರ್ಷ ಉರಿದವು. ನನ್ನ ಗಂಡನನ್ನು ನಾನು ಊರ ಮುಂದೆ ಬೈದಷ್ಟು ಬೇರೆ ಯಾವ ಹೆಂಗಸೂ ತನ್ನ ಗಂಡನನ್ನು ಬೈದಿರಲಿಕ್ಕಿಲ್ಲ. ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ. ಆದರೂ ನಿಮಗೆ ತಿಳಿಯಲಿ ಎಂದು ಒಂದು ಸಲ ಹೇಳಿಬಿಡುತ್ತೇನೆ, ಮೈಲಾರಪ್ಪ. ಇನ್ನು ಮುಂದೆ ನಮ್ಮವರು ಅಂದರೆ ಅವರೇ ಎಂದು ತಿಳಿದುಕೊಳ್ಳಿ.

ಮೊದಲು ಕೆರೆಯ ಮಾತು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ರೈಲಿನಲ್ಲಿ ಕೂತವರು ನಮ್ಮ ಕೆರೆ ಕಂಡ ಕೂಡಲೇ ಕಿಟಕಿಗೆ ಮುಖ ಹಚ್ಚುತ್ತಿದ್ದರು. ಅಷ್ಟು ದೊಡ್ಡ ಕೆರೆ. ಆಚೆ ದಂಡೆಯಲ್ಲಿ ಅರಿವೆ ಒಗೆಯುವವರು ಇರುವೆಯಷ್ಟು ಕಾಣುತ್ತಿದ್ದರು. ಆದರೆ ಆಳ ಮಾತ್ರ ಕೇಳಬೇಡಿ. ನಟ್ಟನಡುವೆ ಹೋದರೂ ಎದೆಮಟ್ಟ, ಬೇಸಿಗೆಯ ಕೊನೆಗೆ ತೊಡೆಮಟ್ಟ. ಎಮ್ಮೆಗಳು ಈ ದಂಡೆಯಿಂದ ಆ ದಂಡೆಗೆ ನಡೆದುಕೊಂಡೇ ಹೋಗುತ್ತಿದ್ದವು. ಹೊರಗಿನವರು ನೋಡಿ, ಇಷ್ಟು ತೆಳ್ಳಗಿನ ನೀರಲ್ಲಿ ಎಂಥ ಮೀನು ಇರುತ್ತದೆ ಎಂದು ನಗುತ್ತಿದ್ದರು.

ಇತ್ತು. ಬೇಕಾದಷ್ಟು ಇತ್ತು. ಆದರೆ ಅಂಥ ಕೆರೆಯಲ್ಲಿ ಒಬ್ಬೊಬ್ಬರೇ ಗಾಳ ಹಾಕಿ ಕೂತರೆ ಹೊಟ್ಟೆ ತುಂಬುವುದಿಲ್ಲ. ಓಣಿಯ ಗಂಡಸರೆಲ್ಲ ಸೇರಿ ಒಂದು ಉದ್ದನೆಯ ಎಳೆಬಲೆ ಹಿಡಿದು, ಮೀನಿನ ಹಿಂಡಿನ ಸುತ್ತ ಅರ್ಧ ಚಂದ್ರನ ಹಾಗೆ ಹರಡಿ, ದಂಡೆಗೆ ಎಳೆದು ತರಬೇಕು. ತೊಡಕು ಇರುವುದು ಇಲ್ಲಿ. ಹಿಂಡು ಎಲ್ಲಿದೆ ಎನ್ನುವುದು ನೀರಲ್ಲಿ ನಿಂತವನಿಗೆ ಕಾಣುವುದಿಲ್ಲ. ಕಾಲ ಕೆಳಗಿನ ನೀರು ಕದಡಿರುತ್ತದೆ, ಮೇಲಿನ ನೀರಿನ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಅದಕ್ಕೇ ನಮ್ಮಲ್ಲಿ ನೀರು ನೋಡುವವನು ಅಂತ ಒಬ್ಬನಿರುತ್ತಿದ್ದ. ಹಳ್ಳ ಬಂದು ಕೆರೆಗೆ ಕೂಡುವ ಮೂಲೆಯಲ್ಲಿ ಒಂದು ದೊಡ್ಡ ಬಂಡೆ. ಅವನು ಅದರ ನೆತ್ತಿಯ ಮೇಲೆ ನಿಂತು ನೀರಿನ ಬಣ್ಣ ನೋಡುತ್ತಾನೆ. ಹಿಂಡು ಇರುವ ಕಡೆ ನೀರು ಒಂದು ಎಳೆ ಕಪ್ಪಾಗಿರುತ್ತದೆ, ಅಷ್ಟೇ. ಅವನು ಕೈ ಚಾಚಿದ ಕಡೆಗೆ ಬಲೆ ಹೋಗುತ್ತದೆ.

ನಮ್ಮವರು ಆ ಬಂಡೆ ಹತ್ತಿದ್ದು ಮದುವೆಗೆ ಮುಂಚೆ. ಅವರು ಕೈ ಚಾಚಿದರೆ ಬಲೆ ಬರಿದಾಗಿ ಬಂದದ್ದಿಲ್ಲ. ಊರಲ್ಲಿ ನಡೆದು ಹೋಗುವಾಗ ಮುದುಕರು ಕೂಡ ಕಟ್ಟೆಯ ಮೇಲೆ ಸರಿದು ಜಾಗ ಕೊಡುತ್ತಿದ್ದರು. ನನಗೂ ಅದರ ಸೊಕ್ಕು ಇತ್ತು, ಸುಳ್ಳು ಯಾಕೆ ಹೇಳಲಿ. ನೀರಿಗೆ ಹೋದಾಗ ನನ್ನ ಕೊಡ ಮೊದಲು ತುಂಬಬೇಕು ಅನ್ನುವಷ್ಟು ಸೊಕ್ಕು.

ಕಣ್ಣು ಹೋದದ್ದು ನಿಧಾನವಾಗಿ. ಮೊದಮೊದಲು ದೀಪ ಹಚ್ಚಿದ ಮೇಲೆ ತಡವರಿಸತೊಡಗಿದರು. ಹೊಸ್ತಿಲು ಎಡವಿದರೆ ಹೊಸ್ತಿಲಿಗೇ ಬೈಯುತ್ತಿದ್ದರು. ಒಂದು ದಿನ ಮಧ್ಯಾಹ್ನ ಉಣ್ಣಲು ಕೂತವರು ರೊಟ್ಟಿ ಮುರಿದು ತಾಟಿನ ಹೊರಗೆ, ನೆಲಕ್ಕೆ ಒತ್ತಿದರು.

"ನೆಲಾ ಉಣ್ಣತೀರೇನ್ರಿ ಇವತ್ತ? ಪಲ್ಯಾ ರುಚಿ ಆಗಿಲ್ಲೇನು?" ಎಂದೆ ನಾನು.

ಅವರು ನಗಲಿಲ್ಲ. "ರತ್ನಿ, ತಾಟು ಎಲ್ಲೈತಿ?" ಎಂದರು.

ತಾಟು ಅವರ ಮೊಣಕಾಲಿಗೆ ತಾಗಿಕೊಂಡೇ ಇತ್ತು. ಮರುದಿನ ಪ್ಯಾಟಿಗೆ ಹೋಗುವ ನೆವ ಹೇಳಿ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರರು ರೆಪ್ಪೆ ಎತ್ತಿ ನೋಡಿ, ಕಣ್ಣಿನ ಒಳನರ ಒಣಗಿದೆ, ಇದಕ್ಕೆ ಕತ್ತರಿ ಹಾಕುವುದೂ ಇಲ್ಲ, ಔಷಧಿಯೂ ಇಲ್ಲ ಎಂದರು. ಬಿಸಿಲು ಮತ್ತು ನೆರಳು ಇನ್ನಷ್ಟು ದಿನ ಕಾಣಬಹುದು ಎಂದರು. ಬರುವಾಗ ದಾರಿಯುದ್ದಕ್ಕೂ ನಮ್ಮವರು ಒಂದೇ ಮಾತು ಆಡಿದ್ದು.

"ಯಾರ ಮುಂದೂ ಬಾಯಿ ಬಿಡಬ್ಯಾಡ."

ಬಿಡಲಿಲ್ಲ. ಆದರೆ ಕೆರೆ ಬಿಡಬೇಕಲ್ಲ. ಮುಂದಿನ ವಾರವೇ ಅವರು ಬಂಡೆ ಹತ್ತಿ, ನೀರಿನ ಮೇಲೆ ಒಂದು ದೊಡ್ಡ ಕಪ್ಪು ಸರಿಯುವುದನ್ನು ನೋಡಿ, ಕೈ ಚಾಚಿದರು. ಗಂಡಸರೆಲ್ಲ ಓಡಿದರು. ಬಲೆ ಸುತ್ತಿದರು, ಬೆವರು ಸುರಿಸಿ ಎಳೆದರು. ಬಂದದ್ದು ಪಾಚಿ ಮತ್ತು ಬಸವನ ಹುಳು. ಅವರಿಗೆ ಕಂಡ ಕಪ್ಪು ಒಂದು ಮೋಡದ ನೆರಳು. ಮೋಡದ ನೆರಳಿಗೂ ಮೀನಿನ ನೆರಳಿಗೂ ಇರುವ ಅಂತರ ತಿಳಿಯದವನು ನಮ್ಮಲ್ಲಿ ಬಲೆಯ ಹಗ್ಗ ಹಿಡಿಯಲಿಕ್ಕೂ ಲಾಯಕ್ಕಲ್ಲ. ಗಂಡಸರು ನಕ್ಕರು. ನಮ್ಮವರೂ ಅವರ ಜೊತೆ ನಕ್ಕರು. ಮನೆಗೆ ಬಂದು ಕಂಬಕ್ಕೆ ಒರಗಿ ಕೂತವರು ಸಂಜೆಯ ತನಕ ಏಳಲಿಲ್ಲ.

"ಆ ಬಂಡಿಗಲ್ಲ ಇಳಿದ್ರ ನಾ ಏನ ಉಳೀತೇನಿ, ರತ್ನಿ?" ಎಂದರು. "ಹೊಲದಾಗ ಕೂಲಿಗೆ ಕರಿಯೂದಿಲ್ಲ. ಬಲಿ ಎಳಿಯಾಕ ಕರಿಯೂದಿಲ್ಲ. ಕಟ್ಟಿ ಮ್ಯಾಲ ಕುಂತ ಕುರುಡ ಅಂತಾರ, ಅಷ್ಟ."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ. ಆ ಸಿಟ್ಟಿನಲ್ಲೇ ಉಪಾಯ ಹೊಳೆಯಿತು. ಮರುದಿನ ಬುತ್ತಿ ಕಟ್ಟಿಕೊಂಡು ನಾನೂ ಹೋದೆ. ಬಂಡೆಯ ನಡುಮೈಯಲ್ಲಿ ಒಂದು ಚಪ್ಪಟೆ ಜಾಗ ಇತ್ತು, ಅಲ್ಲಿ ಕೂತೆ. ಅಲ್ಲಿಂದಲೂ ಕೆರೆ ಸಾಕಷ್ಟು ಕಾಣುತ್ತದೆ. ನೆತ್ತಿಗೆ ಹೆಂಗಸರು ಹತ್ತುವ ರೂಢಿ ಇರಲಿಲ್ಲ. ನನ್ನ ಕೆಳಗೆ ಹಗ್ಗದ ತುದಿ ಹಿಡಿದವರು ನಿಂತಿರುತ್ತಿದ್ದರು. ಪಿಸುಗುಟ್ಟಿದರೂ ಅವರಿಗೆ ಕೇಳಿಸುತ್ತಿತ್ತು. ಹೀಗಾಗಿ ನಾನು ಗಂಟಲು ತೆರೆದು ಬೈದೆ.

ನಮ್ಮತ್ತೆ ದಾನವ್ವನನ್ನು ಬೈದರೆ ಮೀನು ಏರಿಯ ಕಡೆ ಇದೆ. ನಮ್ಮ ಭಾವ ರಾಮಪ್ಪನನ್ನು ಬೈದರೆ ಜಾಲಿಗಿಡಗಳ ಕಡೆ. ಅಡಿಗೆಯ ವಿಷಯ ತೆಗೆದರೆ ರೈಲು ಹಳಿಯ ಕಡೆ. ಜೋರಾಗಿ ಕೂಗಿದರೆ ಹತ್ತಿರ, ಗೊಣಗಿದರೆ ದೂರ. ಇದನ್ನು ನಾವಿಬ್ಬರೂ ಒಲೆಯ ಮುಂದೆ ಕೂತು ಗೊತ್ತು ಮಾಡಿಕೊಂಡೆವು. ಅತ್ತೆ ತೀರಿಕೊಂಡು ಬಹಳ ದಿನವಾಗಿತ್ತು, ಅವಳಿಗೇನೂ ನೋವಾಗುವಂತಿರಲಿಲ್ಲ. ಭಾವ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿದ್ದ, ಅವನಿಗೆ ಕೇಳಿಸುವಂತಿರಲಿಲ್ಲ.

"ನಿಮ್ಮವ್ವ ಹೆಂಗ ಬೆಳಿಸ್ಯಾಳ್ರಿ ನಿಮ್ಮನ್ನ! ಅಂಗಿ ಗುಂಡಿ ಹಾಕ್ಕೊಳ್ಳಾಕ ಬರೂದಿಲ್ಲ. ತಲಿ ಮ್ಯಾಲ ಕುಂದ್ರಿಸ್ಕೊಂಡು ಕೆಡಿಸಿ ಹ್ವಾದ್ಲು ದಾನವ್ವ!"

ನಮ್ಮವರು ಹುಬ್ಬು ಗಂಟಿಕ್ಕಿ, ಬೈಗುಳ ಕೇಳಿಸದವರ ಹಾಗೆ ಏರಿಯ ಕಡೆಗೆ ಕೈ ಚಾಚುತ್ತಿದ್ದರು. ಬಲೆ ತುಂಬಿ ಬರುತ್ತಿತ್ತು. ಕೆಳಗಿನ ಗಂಡಸರು, ಪಾಪ, ಇಂಥ ಹೆಂಡತಿಯ ಬಾಯಿ ಕೇಳುತ್ತ ಕೂಡ ನೀರು ನೋಡುತ್ತಾನಲ್ಲ, ಭಲೇ ಗಂಡಸು ಎನ್ನುತ್ತಿದ್ದರು. ಓಣಿಯ ಹೆಂಗಸರು ನನ್ನನ್ನು ನೋಡಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಹುಬ್ಬಳ್ಳಿಯಿಂದ ಬುಟ್ಟಿ ಹೊತ್ತು ಮೀನು ಕೊಳ್ಳಲು ಬರುತ್ತಿದ್ದ ಮಾಶಾಬಿ ಒಬ್ಬಳೇ ಒಮ್ಮೆ ನನ್ನನ್ನು ಓರೆಗಣ್ಣಿನಿಂದ ನೋಡಿದಳು.

"ನೀ ಬೈದಷ್ಟು ಮೀನ ಬೀಳ್ತಾವಲ್ಲ ರತ್ನವ್ವಾ. ಇನ್ನೊಂದೀಟು ಬೈಯವಾ, ನನ್ನ ಬುಟ್ಟಿ ಅರ್ಧಾ ಖಾಲಿ ಐತಿ," ಎಂದಳು.

ಅವಳಿಗೆ ಏನಾದರೂ ಗೊತ್ತಾಗಿತ್ತೋ ಏನೋ, ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಎರಡು ವರ್ಷ ಹೀಗೆ ನಡೆಯಿತು. ಮೊದಲು ನನಗೆ ನೀರು ಬರೀ ನೀರಾಗಿ ಕಾಣುತ್ತಿತ್ತು. ಸಂಜೆ ಮನೆಗೆ ಬಂದ ಮೇಲೆ ನಾನು ಕಂಡದ್ದನ್ನೆಲ್ಲ ಹೇಳಿದರೆ ಅವರು ಬಿಡಿಸಿ ಬಿಡಿಸಿ ತಿಳಿಸುತ್ತಿದ್ದರು. ಗಾಳಿಯ ಅಲೆ ಹೇಗೆ ನಡುಗುತ್ತದೆ, ಹಿಂಡಿನ ಅಲೆ ಹೇಗೆ ನಡುಗುತ್ತದೆ, ಬೆಳ್ಳಕ್ಕಿ ಕೂತ ಜಾಗದಲ್ಲಿ ಯಾಕೆ ದೊಡ್ಡ ಮೀನು ಇರುವುದಿಲ್ಲ, ಹೀಗೆ. ಹೇಳುವಾಗ ಅವರ ಮುಖ ಹೊಳೆಯುತ್ತಿತ್ತು. ಆದರೂ ನಾನು ಅವರಾಗಲಿಲ್ಲ. ಕಣ್ಣಿದ್ದಾಗ ಅವರಿಗೆ ಕಾಣುತ್ತಿದ್ದಂಥ ಸಣ್ಣ ಹಿಂಡು ನನಗೆ ತಪ್ಪಿಹೋಗುತ್ತಿತ್ತು. ಎರಡನೆಯ ಬೇಸಿಗೆಯಲ್ಲಿ ನೀರು ಬಹಳ ಇಳಿದು, ಪಾಚಿ ಹೆಚ್ಚಿ, ಬಲೆ ಮತ್ತೆ ಮತ್ತೆ ಹಗುರಾಗಿ ಬರತೊಡಗಿತು.

ಬಲೆಯ ಹಿರಿಯ ಬೀರಪ್ಪ ಕಾಕಾ. ಮಾತು ಕಡಿಮೆ, ಆಡಿದರೆ ಕಲ್ಲಿಗೆ ಕಲ್ಲು ಬಡಿದಂತೆ. ಬಲೆ ಯಾವಾಗ ಇಳಿಯಬೇಕು, ಯಾರ ಪಾಲು ಎಷ್ಟು, ಬಂಡೆ ಯಾರು ಹತ್ತಬೇಕು, ಎಲ್ಲ ಅವನ ಮಾತು. ಅವನು ಒಂದು ಮುಂಜಾನೆ ನಮ್ಮ ಅಂಗಳಕ್ಕೆ ಬಂದು ನಿಂತುಕೊಂಡೇ ಹೇಳಿದ.

"ಮೈಲಾರಿ, ಮಳಿಗಾಲಕ್ಕ ಒಣಮೀನ ಯಾರ ಮನ್ಯಾಗೂ ಇಲ್ಲ. ಇನ್ನ ಕೊನೀ ಬಲಿ ಒಂದ ಉಳದೈತಿ. ಅದೂ ಖಾಲಿ ಬಂತಂದ್ರ, ದಸರಾಕ್ಕ ನಮ್ಮ ಅಳಿಯಾ ಗುಡ್ಡಪ್ಪ ಬಂಡಿ ಹತ್ತತಾನ. ಸಿಟ್ಟಾಗಬ್ಯಾಡ."

"ಸಿಟ್ಟ್ಯಾಕ ಕಾಕಾ," ಎಂದರು ನಮ್ಮವರು, ಅವನು ನಿಂತಿದ್ದ ಕಡೆಗಿಂತ ಸ್ವಲ್ಪ ಆಚೆ ನೋಡುತ್ತ.

ಕೊನೆಯ ಬಲೆ ಎಂದರೇನು ಎಂದು ಹೇಳಬೇಕು. ಮುಂಗಾರಿನ ಮೊದಲ ಮಳೆ, ಮಿರಗದ ಮಳೆ ಬಿದ್ದು ಹಳ್ಳದಲ್ಲಿ ಹೊಸ ನೀರು ಬಂದಾಗ, ಮೊಟ್ಟೆ ತುಂಬಿದ ಮೀನುಗಳು ಕೆರೆ ಬಿಟ್ಟು ಹಳ್ಳ ಹತ್ತುತ್ತವೆ. ಮೇಲಿನ ತಿಳಿನೀರಲ್ಲಿ, ಹುಲ್ಲಿನ ಬುಡದಲ್ಲಿ ಮೊಟ್ಟೆ ಇಡುತ್ತವೆ. ನಮ್ಮಲ್ಲಿ ಅದಕ್ಕೆ ಮೀನು ತವರಿಗೆ ಹೋಗುವುದು ಎನ್ನುತ್ತೇವೆ. ತವರಿಗೆ ಹೊರಟ ಬಸುರಿಯನ್ನು ದಾರಿಯಲ್ಲಿ ತಡೆಯುವವರಿಲ್ಲ. ನೀರು ನೋಡುವವನು ಮೀನು ಹಳ್ಳದ ಕಡೆ ಮುಖ ಮಾಡಿದ್ದನ್ನು ಕಂಡ ಕೂಡಲೇ ಬಂಡೆಯ ಮೇಲೆ ಕುಳಿತುಬಿಡಬೇಕು. ಅವನು ಕುಳಿತನೆಂದರೆ ಬಲೆ ಮುಗಿಯಿತು. ಮತ್ತೆ ದಸರೆಯ ತನಕ ಕೆರೆಗೆ ಬಲೆ ಬೀಳುವುದಿಲ್ಲ, ಗಂಡಸರು ಹೊಲಗಳಲ್ಲಿ ಕೂಲಿ ಮಾಡುತ್ತಾರೆ. ಹಿಂದಿನ ವರ್ಷ ಮೀನು ರಾತ್ರೋರಾತ್ರಿ ಹೋಗಿಬಿಟ್ಟಿದ್ದರಿಂದ ಕೂರುವ ಮಾತೇ ಬಂದಿರಲಿಲ್ಲ. ಅದಕ್ಕಾಗಿ ನಾವು ಯಾವ ಬೈಗುಳವನ್ನೂ ಗೊತ್ತು ಮಾಡಿಕೊಂಡಿರಲಿಲ್ಲ.

ಆ ವರ್ಷ ಮಿರಗ ತಡವಾಯಿತು. ಒಂದು ಸಂಜೆ ಧಾರವಾಡದ ಕಡೆ ಮೋಡ ಕವಿದು ಗುಡುಗಿತು. ನಮ್ಮೂರಿಗೆ ನಾಲ್ಕು ಹನಿ ಬಿದ್ದವು, ಅಷ್ಟೇ. ಬೆಳಗಾಗುವುದರೊಳಗೆ ಹಳ್ಳದಲ್ಲಿ ಕೆಂಪು ನೀರು ಹರಿಯುವ ಸಪ್ಪಳ ಕೇಳಿಸಿತು. ಬೀರಪ್ಪ ಕಾಕಾ ಮನೆಮನೆಯ ಬಾಗಿಲು ಬಡಿದು ಎಬ್ಬಿಸಿದ. ಮೀನು ತಿರುಗುವ ಮುಂಚೆ ಕೊನೆಯ ಬಲೆ ಎಳೆದುಬಿಡಬೇಕು ಎನ್ನುವುದು ಅವನ ಅವಸರ.

ನಾವು ಹೋಗುವಾಗ ಸೂರ್ಯ ಏರಿಯ ಮೇಲೆ ಬಂದಿದ್ದ. ಗಂಡಸರು ಬಲೆ ಹೊತ್ತು ಬಂಡೆಯ ಮುಂದಿನ ನೀರಿಗೆ ಇಳಿದಿದ್ದರು. ಅಲ್ಲಿ ಮೊಣಕಾಲು ಮಟ್ಟದ ನೀರು. ದಂಡೆಯಲ್ಲಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿದ್ದರು, ಮಾಶಾಬಿಯೂ ಬಂದಿದ್ದಳು. ನಮ್ಮವರು ನನ್ನ ಹೆಗಲ ಮೇಲೆ ಕೈ ಇಟ್ಟು, ಹೆಂಡತಿಗೆ ದಾರಿ ತೋರಿಸುವವರ ಹಾಗೆ ನಟಿಸುತ್ತ ಬಂಡೆ ಹತ್ತಿ ನೆತ್ತಿಯ ಮೇಲೆ ನಿಂತರು. ನಾನು ನನ್ನ ಜಾಗದಲ್ಲಿ ಕೂತು ಬುತ್ತಿಯ ಗಂಟು ಬಿಚ್ಚಿದೆ. ಬೈಯಲು ಬಾಯಿ ತೆರೆದೇ ಇಟ್ಟುಕೊಂಡಿದ್ದೆ.

ಮೊದಲು ಏರಿಯ ಬುಡದಲ್ಲಿ ನೀರು ಕಪ್ಪಾದದ್ದು ಕಂಡಿತು. ಮೋಡದ ನೆರಳೇ ಇರಬೇಕು ಎಂದು ತಲೆ ಎತ್ತಿದೆ. ಆಕಾಶ ಒರೆಸಿ ಇಟ್ಟ ತಾಟಿನ ಹಾಗಿತ್ತು. ಮತ್ತೆ ಕೆಳಗೆ ನೋಡುವಷ್ಟರಲ್ಲಿ ಆ ಕಪ್ಪು ಜಾಲಿಗಿಡಗಳ ಕಡೆಗೂ ಹರಡಿತ್ತು. ರೈಲು ಹಳಿಯ ಕಡೆಯಿಂದಲೂ ಒಂದು ಕಪ್ಪು ಎದ್ದು ಬಂದು ಅದನ್ನು ಕೂಡಿಕೊಂಡಿತು. ಯಾವ ಕಡೆಯ ಬೈಗುಳ ಬೈಯಬೇಕು ಎಂದು ನನಗೆ ತಿಳಿಯಲಿಲ್ಲ. ಎಲ್ಲ ಕಡೆಯೂ ಇತ್ತು.

ಅದು ಒಂದು ಹಿಂಡಾಗಿರಲಿಲ್ಲ. ಇಡೀ ಕೆರೆಯ ಮೀನು ಒಂದೇ ಕಡೆ ಮುಖ ಮಾಡಿತ್ತು. ಅಷ್ಟಗಲದ ನೀರು, ನನ್ನ ಕಣ್ಣು ಮುಟ್ಟುವ ತನಕದ ನೀರು, ಎದ್ದು ನಡೆದು ಬರುತ್ತಿತ್ತು. ತೆಳ್ಳನೆಯ ಜಾಗಕ್ಕೆ ಬಂದಂತೆ ಬೆನ್ನುಗಳು ಮೇಲೆ ಕಂಡವು. ಸಾವಿರವೋ ಲಕ್ಷವೋ, ಎಣಿಸುವವರು ಯಾರು. ಬೆನ್ನಿನ ಮೇಲೆ ಬೆನ್ನು, ರೆಕ್ಕೆಗೆ ರೆಕ್ಕೆ ತಾಗಿಸಿಕೊಂಡು. ಮೊರದಲ್ಲಿ ಜೋಳ ಕೇರುವಾಗ ಆಗುತ್ತದಲ್ಲ, ಆ ಸಪ್ಪಳ ಕೆರೆಯ ತುಂಬ. ಬೆಳ್ಳಕ್ಕಿಗಳು ಎದ್ದು ಮೇಲೆ ಸುತ್ತುತ್ತಿದ್ದವು. ಒಂದಕ್ಕೂ ಕೆಳಗೆ ಇಳಿಯುವ ಧೈರ್ಯ ಬರಲಿಲ್ಲ.

ನಡುವೆ ಬಾಳೆಮೀನುಗಳಿದ್ದವು, ನನ್ನಷ್ಟು ಉದ್ದ. ಸಣ್ಣ ಮೀನು ಕಂಡರೆ ಬಿಡದ ಕಳ್ಳ ಜಾತಿ ಅದು. ಅವತ್ತು ಅವು ಬೆರಳುದ್ದದ ಮೀನುಗಳ ನಡುವೆಯೇ ಬಾಯಿ ಮುಚ್ಚಿಕೊಂಡು ಬರುತ್ತಿದ್ದವು. ನೀರು ಸಾಲದೆ ಕೆಲವು ಮಗ್ಗುಲಾದಾಗ ಹೊಟ್ಟೆ ಕಾಣುತ್ತಿತ್ತು, ಬಿಗಿದು ತುಂಬಿದ ಬಿಳಿ ಹೊಟ್ಟೆ. ಅಷ್ಟೊಂದು ಹೊಟ್ಟೆ. ಈ ಕೆರೆಯ ದಂಡೆಯಲ್ಲೇ ಹುಟ್ಟಿ ಬೆಳೆದವಳು ನಾನು. ನಮ್ಮ ಕಾಲ ಕೆಳಗೆ, ನಾವು ಅರಿವೆ ಒಗೆಯುವ, ಎಮ್ಮೆ ಮೈ ತೊಳೆಯುವ ಆ ತೆಳ್ಳನೆಯ ನೀರಲ್ಲಿ ಇಷ್ಟು ಜೀವ ಇತ್ತು ಎನ್ನುವುದು ನನಗೆ ಗೊತ್ತೇ ಇರಲಿಲ್ಲ. ನನಗೆ ಹೆದರಿಕೆ ಆಯಿತು. ಕೈ ಮುಗಿಯಬೇಕು ಅನ್ನಿಸಿತು.

ಕೆಳಗೆ ಗಂಡಸರಿಗೆ ಇದೊಂದೂ ಕಾಣುತ್ತಿರಲಿಲ್ಲ. ಅವರ ಕಣ್ಣಿಗೆ ಎದುರಿನ ಬಿಸಿಲು ಹೊಡೆಯುತ್ತಿತ್ತು. ಎಲ್ಲರೂ ಹಿಂತಿರುಗಿ ಬಂಡೆಯ ನೆತ್ತಿಯನ್ನೇ ನೋಡುತ್ತಿದ್ದರು.

ಆಗ ನನಗೆ ಬುದ್ಧಿ ಬಂತು. ಒಂದು ಬೈಗುಳ ಸಾಕು. ನಿಮ್ಮವ್ವ ಎಂದು ಜೋರಾಗಿ ಒಂದು ಮಾತು ಅಂದರೆ ಅವರು ಮುಂದಕ್ಕೆ ಕೈ ಚಾಚುತ್ತಾರೆ, ಬಲೆ ಬೀಳುತ್ತದೆ, ಹಿರೇಗೆರೆಯಲ್ಲಿ ಯಾರ ಅಜ್ಜನೂ ಕಾಣದಷ್ಟು ಮೀನು ದಂಡೆಗೆ ಬರುತ್ತದೆ. ಬಂಡೆ ನಮ್ಮವರದಾಗಿಯೇ ಉಳಿಯುತ್ತದೆ. ಆ ಹೊಟ್ಟೆಗಳನ್ನು ನೋಡುತ್ತ ಆ ಮಾತು ಆಡಲಿಕ್ಕೆ ನನ್ನಿಂದ ಆಗಲಿಲ್ಲ.

"ಏನ ರತ್ನವ್ವಾ, ಇವತ್ತ ಬೈಗುಳ ಮನ್ಯಾಗ ಬಿಟ್ಟ ಬಂದೀಯೇನು?" ಎಂದು ಹಗ್ಗ ಹಿಡಿದಿದ್ದ ಗುಡ್ಡಪ್ಪ ಕೆಳಗಿನಿಂದ ನಕ್ಕ.

ಯಾರೂ ಅದಕ್ಕೆ ನಗಲಿಲ್ಲ. ನಮ್ಮವರು ನೆತ್ತಿಯ ಮೇಲೆ ಅಲುಗಾಡದೆ ನಿಂತಿದ್ದರು. ನನ್ನ ಮೌನವನ್ನು ಅವರು ಕೇಳಿಸಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿಗೆ ತಲೆ ಬಗ್ಗಿಸಿ, ಬಹಳ ಮೆಲ್ಲಗೆ ಕೇಳಿದರು.

"ತವರಿಗೆ ಹೊಂಟಾವೇನ?"

"ಹೂಂ," ಎಂದೆ.

ಅವರು ಕುಳಿತರು. ಧೋತರ ಸರಿಪಡಿಸಿಕೊಂಡು, ಕೈಯಿಂದ ಬಂಡೆ ಸವರಿ ನೋಡಿ, ಎರಡೂ ಮೊಣಕಾಲು ಮಡಚಿ ಕುಳಿತರು. ಕೆಳಗಿನಿಂದ ಬೀರಪ್ಪ ಕಾಕಾನ ಧ್ವನಿ ಬಂತು.

"ಕುಂತ್ಯಾ? ಶಾಣ್ಯಾ ಅದೀ ಮೈಲಾರಿ. ಬಲಿ ಬೀಳಲಿಲ್ಲಂದ್ರ ಖಾಲಿನೂ ಬರೂದಿಲ್ಲ. ಖಾಲಿ ಬರಲಿಲ್ಲಂದ್ರ ಬಂಡಿ ನಿಂದಽ ಉಳೀತೈತಿ. ಇದನ್ನ ತಿಳೀದಷ್ಟು ದಡ್ಡ ಏನೋ ನಾ?"

ಅವನ ಮಾತು ನ್ಯಾಯವಾಗಿಯೇ ಇತ್ತು. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ. ಅವನು ಗಂಡಸರ ಕಡೆ ತಿರುಗಿದ.

"ಅಂವಾ ಕುಂತ್ರ ಕುಂದರಲಿ. ನಾ ಹೇಳತೇನಿ, ಬಲಿ ಬಿಚ್ಚ್ರಿ."

ಬಲೆಯ ಸುರುಳಿ ಬಿಚ್ಚತೊಡಗಿತು. ಕಪ್ಪು ಅವರಿಗೆ ಒಂದು ಹೊಲದಷ್ಟು ದೂರದಲ್ಲಿತ್ತು, ಅಷ್ಟೇ. ನಾನು ಎದ್ದು ನಿಂತೆ. ನಮ್ಮವರು ಅಲ್ಲಿಂದಲೇ ಮಾತಾಡಿದರು. ಕೂಗಲಿಲ್ಲ. ನೀರಿನ ಮೇಲೆ ಮಾತು ದೂರ ಹೋಗುತ್ತದೆ.

"ಕಾಕಾ, ನನಗ ಕಣ್ಣಿಲ್ಲ."

ಬಲೆ ಬಿಚ್ಚುತ್ತಿದ್ದ ಕೈಗಳು ನಿಂತವು.

"ಎರಡ ವರ್ಷಾತು. ಬಿಸಲ ಯಾವ ಕಡೆ ಐತಿ ಅನ್ನೂದ ತಿಳೀತೈತಿ, ಮತ್ತೇನೂ ಇಲ್ಲ. ನೀರ ನೋಡಿದಾಕಿ ರತ್ನಿ. ಆಕಿ ಬೈದದ್ದೆಲ್ಲಾ ನನಗ ದಾರಿ ಹೇಳಾಕ. ನೀವು ಉಂಡದ್ದು ಆಕಿ ಹಿಡಿದ ಮೀನ. ಬಂಡಿ ಇವತ್ತಿಗೆ ಬಿಟ್ಟೆ, ಗುಡ್ಡಪ್ಪಗ ಕೊಡು, ಯಾರಿಗೆ ಬೇಕಾದ್ರೂ ಕೊಡು. ನನಗ ಬ್ಯಾಡ. ಆದ್ರ ಬಲಿ ಇಳಿಸಬ್ಯಾಡ. ಆಕಿ ಕಣ್ಣಿಗೆ ಕಂಡೈತಿ. ಬಾಯಿ ಕಟ್ಟಿ ನಿಂತಾಳ. ನನ್ನ ಹೆಂಡತಿ ಬಾಯಿ ಕಟ್ಟೂವಂಥಾದ್ದು ಏನರ ಬರಾಕತ್ತೈತಿ ಅಂದ್ರ, ಅದರ ಮುಂದ ಬಲಿ ಹಿಡಿಬಾರದು."

ನನ್ನ ಕಣ್ಣಲ್ಲಿ ದಳದಳ ನೀರು ಇಳಿಯಿತು. ಎರಡು ವರ್ಷ ಊರ ಬಾಯಿಗೆಲ್ಲ ಬಿದ್ದು ನಾನು ಕಾಯ್ದುಕೊಂಡು ಬಂದದ್ದನ್ನು ಅವರು ಒಂದೇ ಉಸಿರಿಗೆ ನೀರಿಗೆ ಹಾಕಿಬಿಟ್ಟರು. ಸಿಟ್ಟೂ ಬಂತು, ಹೆಮ್ಮೆಯೂ ಆಯಿತು. ಬೀರಪ್ಪ ಕಾಕಾ ನನ್ನನ್ನು ನೋಡಿದ, ನಮ್ಮವರನ್ನು ನೋಡಿದ. ಬಂಡೆ ಬಿಡುತ್ತೇನೆ ಅನ್ನುವವನು ಬಂಡೆಗಾಗಿ ಸುಳ್ಳು ಹೇಳುವುದಿಲ್ಲ ಎನ್ನುವುದು ಅವನಿಗೆ ತಿಳಿಯಿತೆಂದು ಕಾಣುತ್ತದೆ. ಅವನು ಏನೋ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಮುಂದೆ ನಿಂತಿದ್ದವನೊಬ್ಬ ಮೀನು ತಾಗಿ, ಯವ್ವಾ ಎಂದು ಕಾಲು ಎತ್ತಲು ಹೋದ.

"ಅಲಗ್ಯಾಡಬ್ಯಾಡ್ರಿ," ಎಂದ ಬೀರಪ್ಪ ಕಾಕಾ. "ಬಲಿ ಮ್ಯಾಲೆತ್ತಿ ಹಿಡೀರಿ. ಕಾಲ ನೆಟ್ಟ ನಿಂದರ್ರಿ."

ಬಲೆಯನ್ನು ತಲೆಯ ಮೇಲೆ ಎತ್ತಿಕೊಂಡು ಓಣಿಯ ಗಂಡಸರೆಲ್ಲ ಸಾಲಾಗಿ ನಿಂತರು. ಮೀನು ಅವರ ನಡುವೆ ನುಗ್ಗಿತು. ಕಾಲುಗಳನ್ನು ಸವರಿಕೊಂಡು, ಮೊಣಕಾಲುಗಳಿಗೆ ಬಡಿದುಕೊಂಡು, ಎರಡು ಕಾಲುಗಳ ಸಂದಿಯಲ್ಲಿ ನುಸುಳಿಕೊಂಡು. ಮನುಷ್ಯರು ಅವಕ್ಕೆ ಲೆಕ್ಕಕ್ಕೇ ಇರಲಿಲ್ಲ, ಗೂಟಗಳನ್ನು ಬಳಸಿಕೊಂಡು ಹೋಗುವ ಹಾಗೆ ಮುಂದಕ್ಕೆ ಹೋಗುತ್ತಿದ್ದವು. ಜೀವನವಿಡೀ ಮೀನು ಕೊಂದ ಗಂಡಸರು ಅವರು. ಒಬ್ಬನೂ ಕೆಮ್ಮಲಿಲ್ಲ. ದಂಡೆಯಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತು ಸೆರಗು ತಲೆಯ ಮೇಲೆ ಎಳೆದುಕೊಂಡರು. ಮಾಶಾಬಿ ತನ್ನ ಖಾಲಿ ಬುಟ್ಟಿಯನ್ನು ಮಗುಚಿ ಇಟ್ಟು, ಎರಡೂ ಅಂಗೈ ಬಿಚ್ಚಿ ಎದೆಯ ಮುಂದೆ ಹಿಡಿದಳು.

ಎಷ್ಟು ಹೊತ್ತು ಹಾಗೆ ಇದ್ದೆವೋ ಗೊತ್ತಿಲ್ಲ. ಮೀನು ಮುಗಿಯುವ ಲಕ್ಷಣ ಇರಲಿಲ್ಲ. ಬೀರಪ್ಪ ಕಾಕಾ ಹೆಜ್ಜೆ ಎತ್ತದೆ, ಕೆಸರಲ್ಲಿ ಕಾಲು ಎಳೆದೆಳೆದು ಬಂಡೆಯ ಬುಡಕ್ಕೆ ಬಂದ. ಮುದುಕನ ಮುಖ ತೊಯ್ದಿತ್ತು. ಕೆರೆಯ ನೀರೋ ಕಣ್ಣಿನ ನೀರೋ, ಅದನ್ನು ಕೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

"ಮೈಲಾರಿ, ಇಳೀಪಾ," ಎಂದ. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ.

ನಮ್ಮವರು ಎದ್ದರು. ನಾನು ಕೈ ಕೊಟ್ಟು, ಒಂದೊಂದು ಕಾಲಿಗೂ ಜಾಗ ತೋರಿಸಿ ಇಳಿಸಿದೆ. ಇನ್ನು ಮುಚ್ಚಿಡುವುದು ಏನೂ ಇರಲಿಲ್ಲ. ನನಗೆ ಬೀರಪ್ಪ ಕಾಕಾನ ಮೇಲೆ ಕೆಂಡದಂಥ ಸಿಟ್ಟು. ಇಷ್ಟೆಲ್ಲ ಆದ ಮೇಲೂ ಇಳಿ ಅನ್ನುತ್ತಾನಲ್ಲ. ಬುತ್ತಿ ಎತ್ತಿಕೊಂಡು ನಾನೂ ಅವರ ಹಿಂದೆ ಇಳಿಯತೊಡಗಿದೆ.

"ನೀ ಎಲ್ಲಿ ಹೊಂಟೀ?" ಎಂದ ಬೀರಪ್ಪ ಕಾಕಾ.

"ಮನೀಗೆ. ಇಳಿ ಅಂದಮ್ಯಾಲ ಇನ್ನೇನು ಇಲ್ಲೆ ಕುಂತ ಭಜನಿ ಮಾಡ್ಲೇನು?"

"ನೀ ಮ್ಯಾಲ ಹತ್ತು."

ನನಗೆ ಅರ್ಥವಾಗಲಿಲ್ಲ. ಅವನು ನೆತ್ತಿಯ ಕಡೆಗೆ ಗದ್ದ ಎತ್ತಿ ತೋರಿಸಿದ.

"ಕಡೀ ಮೀನ ಹೋಗೂತನಕ ನಾವು ಹೆಜ್ಜಿ ಕಿತ್ತಿಡಾಂಗಿಲ್ಲ, ತುಳದೇವು. ಯಾವಾಗ ಹೋದ್ವು ಅಂತ ನಮಗ ಹೆಂಗ ತಿಳೀಬೇಕು? ಹತ್ತವಾ. ನೀ ಹೇಳಿದ ಮ್ಯಾಲ ದಂಡಿಗೆ ಬರತೇವಿ."

ನಾನು ಹತ್ತಿದೆ. ನೆತ್ತಿಯಿಂದ ಕೆರೆ ಇನ್ನೂ ದೊಡ್ಡದಾಗಿ, ಅಂಚೇ ಇಲ್ಲದಂತೆ ಕಂಡಿತು. ಹಳ್ಳದ ಕೆಂಪು ನೀರಿಗೆ ಕಪ್ಪು ಹೊಳೆ ಒಂದು ಮೇಲ್ಮುಖವಾಗಿ ಹರಿದು ಹೋಗುತ್ತಿತ್ತು. ಅದನ್ನು ನೋಡುವುದೋ, ನಮ್ಮವರನ್ನು ನೋಡುವುದೋ ನನಗೆ ತಿಳಿಯದಾಯಿತು. ಅವರು ದಂಡೆಯ ಕಡೆ ಹೋಗಲಿಲ್ಲ. ಕೈ ಮುಂದೆ ಚಾಚಿ, ಕೆಸರಲ್ಲಿ ಕಾಲು ಎಳೆಯುತ್ತ ನೀರಿಗೆ ಇಳಿದರು. ಮೊಣಕಾಲು ಮುಳುಗಿದಲ್ಲಿ ನಿಂತರು. ಎಷ್ಟೋ ವರ್ಷ ಕೆರೆಯನ್ನು ಮೇಲಿನಿಂದಲೇ ನೋಡಿದ ಮನುಷ್ಯ ಅವರು. ಮೀನು ಅವರ ಕಾಲಿಗೆ ಬಡಿದಾಗ ಮೈ ಜುಮ್ಮೆಂದದ್ದು ನನಗೆ ಅಲ್ಲಿಂದಲೇ ಕಂಡಿತು. ಬಗ್ಗಿ, ಎರಡೂ ಅಂಗೈಗಳನ್ನು ನೀರಿನಲ್ಲಿ ಬಿಚ್ಚಿ ಹಿಡಿದರು. ಬೆರಳುಗಳ ಮೇಲೆ, ಕೆಳಗೆ, ನಡುವೆ ಮೀನು ಸರಿಯತೊಡಗಿತು. ಅವರ ಮುಖ ಮೇಲಕ್ಕೆ ತಿರುಗಿತು.

ನಾನು ರೂಢಿಯಂತೆ ಅವರಿಗೆ ಹೇಳಲು ಬಾಯಿ ತೆರೆದೆ. ಬೈಯಬೇಕಾದ ಕೆಲಸ ಇನ್ನಿರಲಿಲ್ಲ, ಹಾಗಾಗಿ ನೇರವಾಗಿಯೇ ಕೂಗಿದೆ.

"ಏನ್ರಿ, ಏರಿ ಕಡಿಂದ ಇನ್ನೂ ಬರಾಕತ್ತಾವ. ನಿಮ್ಮ ಎಡಗಡೆ ಒಂದು ದೊಡ್ಡ ಬಾಳಿ..."

ಅವರು ಒಂದು ಕೈಯನ್ನು ನೀರಿನಿಂದ ಎತ್ತಿ ನನ್ನನ್ನು ತಡೆದರು.

"ಹೇಳಬ್ಯಾಡ ರತ್ನಿ," ಎಂದರು. "ತಿಳ್ಯಾಕತ್ತೈತಿ."

ಮತ್ತೆ ಆ ಕೈಯನ್ನು ನೀರಿಗೆ ಇಳಿಸಿದರು. ಮೀನು ಹೋಗುತ್ತಲೇ ಇತ್ತು.